ಮರಿತಾಯಮ್ಮನವರ ಮಿಠಾಯಿ ಮೇಜು

ಹೆಮ್ಮಿಗೆಯ ಮರಿತಾಯಮ್ಮನವರದು ಮಾತು ಕಡಿಮೆ. ಗಂಡ ಬೇಗ ತೀರಿಹೋದ ಮೇಲೆ ಬೇರೆಯವರ ಗದ್ದೆಗಳಲ್ಲಿ ನಾಟಿ ಹಾಕಿ, ಕಳೆ ಕಿತ್ತು ಇಬ್ಬರು ಮಕ್ಕಳನ್ನು ಓದಿಸಿದವರು. ಮಗಳು ಇಂದ್ರಾಣಿ ನಂಜನಗೂಡಿನಲ್ಲಿದ್ದುಕೊಂಡು ತಾಂಡ್ಯದ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಹೋಗುತ್ತಾಳೆ. ಮಗ ಸಿದ್ಧಾರ್ಥ ಲೈನ್‌ಮನ್. ಹೋದ ಬೇಸಿಗೆಯಲ್ಲಿ ಅವನಿಗೆ ನಂಜನಗೂಡು ಕಡೆಯ ರೋಜಾ ಎಂಬ ಹುಡುಗಿಯೊಂದಿಗೆ ಮದುವೆ ನಿಶ್ಚಯವಾಯಿತು. ಮದುವೆ ಹುಡುಗಿಯ ಊರಿನಲ್ಲಿ, ಆರತಕ್ಷತೆ ತಿ. ನರಸೀಪುರದ ಸಮುದಾಯ ಭವನದಲ್ಲಿ ಎಂದು ಹಿರಿಯರು ತೀರ್ಮಾನಿಸಿದರು.

ಆರತಕ್ಷತೆಯಲ್ಲಿ ಒಂದು ಕ್ಯಾಂಡಿ ಕೌಂಟರ್ ಇರಬೇಕೆಂದು ರೋಜಾ ಆಸೆಪಟ್ಟಳು. ಇಂದ್ರಾಣಿ ಫೋನಿನಲ್ಲಿ ಅಂಥದ್ದೊಂದರ ಚಿತ್ರ ಹುಡುಕಿ ತಾಯಿಗೆ ತೋರಿಸಿದಳು. ಬಿಳಿ ಬಟ್ಟೆ ಹೊದಿಸಿದ ಉದ್ದನೆಯ ಮೇಜು, ಮೇಲೆ ಸಾಲಾಗಿ ಗಾಜಿನ ಜಾಡಿಗಳು, ಅವುಗಳ ತುಂಬ ಬಣ್ಣಬಣ್ಣದ ಮಿಠಾಯಿ.

"ಊಟ ಇಕ್ತೀವಲ್ಲ ಮಗ, ಪೆಪ್ಪರಮೆಂಟು ಯಾಕೆ?"

"ಈಗ ಎಲ್ರೂ ಮಾಡ್ತಾರೆ ಕಣವ್ವ. ಆ ಹುಡುಗಿ ಬಾಯ್ಬಿಟ್ಟು ಕೇಳಿರೋದು ಇದೊಂದೇ."

ಮುಂದಿನ ಭಾನುವಾರ ತಾಯಿ ಮಗಳು ನಂಜನಗೂಡಿನ ಪೇಟೆ ಸುತ್ತಿದರು. ಇಂದ್ರಾಣಿಯ ಕಣ್ಣು ಹೊಳೆಯುವ ಕಾಗದದ ಚಾಕೊಲೇಟುಗಳ ಮೇಲೆ. ಅಂಗಡಿಯವನೇ, "ಈ ಬಿಸಿಲಿಗೆ ಇದು ಸಂಜೆವರ್ಗೂ ನಿಲ್ಲಲ್ಲ ಕಣಕ್ಕ, ಕರಗೋಯ್ತದೆ," ಎಂದ. ಹಾಗಾಗಿ ಕಡಲೆ ಮಿಠಾಯಿ, ಶುಂಠಿ ಪೆಪ್ಪರಮೆಂಟು, ಕೊಬ್ಬರಿ ಮಿಠಾಯಿ, ಹುಣಸೆಹಣ್ಣಿನ ಉಂಡೆ, ಮಕ್ಕಳಿಗೆಂದು ಜೆಲ್ಲಿ ಕೊಂಡರು. ಒಂದೊಂದನ್ನೂ ಮರಿತಾಯಮ್ಮ ಬಾಯಿಗೆ ಹಾಕಿಕೊಂಡು ನೋಡಿ, ತಲೆಯಾಡಿಸಿದ ಮೇಲೆಯೇ ತೂಕಕ್ಕೆ ಹಾಕಿಸಿದ್ದು. ಅಮ್ಮನನ್ನು ಅಷ್ಟು ಉತ್ಸಾಹದಲ್ಲಿ ಇಂದ್ರಾಣಿ ಕಂಡಿರಲಿಲ್ಲ.

ಭವನದ ಅಲಂಕಾರ ವಹಿಸಿಕೊಂಡಿದ್ದವನು ಮದನ್ ಎಂಬ ಹುಡುಗ. ಮೇಜು ಎಲ್ಲಿಡಬೇಕೆಂದು ನೋಡಲು ಹೋದಾಗ ಅವನು ತನ್ನ ಅನುಭವ ಹೇಳಿದ.

"ಮೇಜಿನ ಹಿಂದೆ ಇಬ್ರು ಹುಡ್ಗೀರನ್ನ ನಿಲ್ಸೋಣ ಅಮ್ಮ. ಗ್ಲೌಸ್ ಹಾಕ್ಕೊಂಡು ಒಬ್ಬೊಬ್ರಿಗೂ ಇಷ್ಟಿಷ್ಟು ಅಂತ ಕೊಡ್ತಾರೆ. ಇಲ್ದಿದ್ರೆ ಜನ ಬಾಚ್ಕೊಂಡು ಓಗ್ಬುಡ್ತಾರೆ."

"ಬ್ಯಾಡ ಕಣಪ್ಪ. ಅವರವರ ಕೈಲಿ ಅವರವರೇ ತಕ್ಕೊಳ್ಲಿ."

"ಖಾಲಿಯಾಗೋಯ್ತದೆ ಅಮ್ಮ."

"ಆಗ್ಲಿ."

ಮದನ್ ಮೇಜಿನ ಜಾಗ ಅಳೆಯತೊಡಗಿದ. ಹೆಮ್ಮಿಗೆಗೆ ವಾಪಸಾಗುವ ಬಸ್ಸಿನಲ್ಲಿ ಇಂದ್ರಾಣಿ ಮೆಲ್ಲಗೆ ಕೇಳಿದಳು. "ಅವನು ಹೇಳಿದ್ದು ಸರಿಯಾಗೇ ಇತ್ತಲ್ಲವ್ವ?"

ಮರಿತಾಯಮ್ಮ ಕಿಟಕಿಯಾಚೆ ನೋಡುತ್ತಲೇ ಹೇಳಿದರು. "ನಾನು ಚಿಕ್ಕೋಳಾಗಿದ್ದಾಗ ನಮ್ಮವ್ವ ಕಾಸು ಕೊಟ್ರೆ ಮಿಠಾಯಿ ಅಂಗ್ಡಿಗೆ ಓಡ್ತಿದ್ದೆ. ಕಾಸ್ನ ಜಗ್ಲಿ ಮೇಲೆ ಮಡಗಿ ದೂರ ನಿಂತ್ಕೋಬೇಕು. ಅಂಗ್ಡಿಯೋನು ಅದರ ಮ್ಯಾಲೆ ನೀರು ಚುಮುಕ್ಸಿ ತಕ್ಕೊಳೋನು. ಮಿಠಾಯಿನ ಮೇಲಿಂದ ಕೈಗೆ ಉದುರ್ಸೋನು. ಕೈ ತಾಕ್‌ಬಾರ್ದಲ್ಲ. ಒಂದೊಂದ್ ಸಲ ಮಣ್ಣಿಗೆ ಬೀಳೋದು. ಊದ್ಕಂಡು ತಿನ್ನೋದು."

ಇಂದ್ರಾಣಿ ತಾಯಿಯ ಕೈಯನ್ನು ಎಳೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಆ ಜಾಡಿಯೊಳಕ್ಕೆ ಕೈ ಆಕ್ಬೇಕು ಅಂತ ಭಾಳ ಆಸೆ ಇತ್ತು ಕಣೆ," ಎಂದು ಮರಿತಾಯಮ್ಮ ನಕ್ಕರು.

ಆರತಕ್ಷತೆಯ ಸಂಜೆ ಮೇಜು ಚೆಂದವಾಗಿ ಕಾಣುತ್ತಿತ್ತು. ಆದರೆ ಮೊದಲು ಬಂದ ಊರಿನ ಹಿರಿಯರು ಅದನ್ನು ಅಲಂಕಾರಕ್ಕೆ ಇಟ್ಟಿದ್ದೆಂದುಕೊಂಡು ದೂರದಿಂದಲೇ ನೋಡಿ ಮುಂದೆ ಹೋದರು. ಮರಿತಾಯಮ್ಮನವರ ಬೀದಿಯ ಚಾಮಯ್ಯ ಮಾತ್ರ ನಿಂತರು. ಮರಿತಾಯಮ್ಮನಿಗಿಂತ ಹಿರಿಯರು, ಅದೇ ಗದ್ದೆಗಳಲ್ಲಿ ದುಡಿದವರು. ಯಾರಾದರೂ ಕೊಡುತ್ತಾರೇನೋ ಎಂದು ಎರಡೂ ಕೈ ಬೊಗಸೆ ಮಾಡಿಕೊಂಡು ಮೇಜಿನಿಂದ ಮಾರು ದೂರ ನಿಂತಿದ್ದರು.

ಮರಿತಾಯಮ್ಮ ಹೋಗಿ ಅವರ ಮುಂಗೈ ಹಿಡಿದರು. "ಬಾ ಅಣ್ಣ. ಇಲ್ಲಿ ಕೊಡೋರ್ಯಾರೂ ಇಲ್ಲ. ನೀನೇ ತಕ್ಕೋ."

"ನಾನೇ ಕೈ ಆಕನಾ?"

"ಆಕು."

ಚಾಮಯ್ಯ ಜಾಡಿಯೊಳಗೆ ಕೈಯಿಟ್ಟು, ಒಂದೇ ಒಂದು ಕಡಲೆ ಮಿಠಾಯಿ ತೆಗೆದುಕೊಂಡರು. ಮರಿತಾಯಮ್ಮ ಬಿಡಲಿಲ್ಲ. ಇನ್ನೊಂದು ಸಲ ಕೈ ಹಾಕಿಸಿದರು. ಅದನ್ನು ನೋಡಿ ಉಳಿದವರೂ ಬಂದರು. ಆಮೇಲೆ ಮಕ್ಕಳು ಮುತ್ತಿಕೊಂಡರು.

ಮದನ್ ಹೇಳಿದ್ದೇ ನಿಜವಾಯಿತು. ರೋಜಾಳ ಕಡೆಯವರ ಬಸ್ಸು ತಡವಾಗಿ ಬರುವ ಹೊತ್ತಿಗೆ ಜಾಡಿಗಳೆಲ್ಲ ಬರಿದಾಗಿದ್ದವು. ಇಂದ್ರಾಣಿಗೆ ಅಳುವೇ ಬಂತು. "ಬೀಗರ ಮುಂದೆ ಮರ್ಯಾದೆ ಹೋಯ್ತಲ್ಲವ್ವ. ಅವನ ಮಾತು ಕೇಳಬೇಕಿತ್ತು."

"ಕೇಳ್ಬೇಕಿತ್ತೇನೋ. ಈಗ ಅಡುಗೆ ಮನೇಲಿ ಏನದೆ ನೋಡನ ಬಾ."

ಅಡುಗೆಯವರ ಬಳಿ ಹುರಿಗಡಲೆ ಇತ್ತು, ಬೆಲ್ಲದ ಅಚ್ಚುಗಳಿದ್ದವು, ಒಣಕೊಬ್ಬರಿ ಇತ್ತು. ಮರಿತಾಯಮ್ಮ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಕೂತು ಬೆಲ್ಲ ಕುಟ್ಟಿದರು. ಮಗಳು ಕೊಬ್ಬರಿ ಹೆಚ್ಚಿದಳು. ಮದನ್ ತಾನೇ ಜಾಡಿಗಳನ್ನು ಒರೆಸಿ ತುಂಬಿಸಿಕೊಂಡು ಹೋದ.

ವೇದಿಕೆಯ ಮೇಲಿದ್ದ ರೋಜಾ ಇದನ್ನು ಗಮನಿಸಿದ್ದಳು. ಫೋಟೋದವರಿಗೆ ತಡೆಯಲು ಹೇಳಿ, ಸಿದ್ಧಾರ್ಥನನ್ನೂ ಕರೆದುಕೊಂಡು ಇಳಿದು ಬಂದು ಒಂದು ಹಿಡಿ ಹುರಿಗಡಲೆ ಬೆಲ್ಲ ತೆಗೆದುಕೊಂಡಳು. ಅರ್ಧ ಗಂಡನ ಕೈಗೆ ಹಾಕಿ, "ಅತ್ತೆ, ನೀವು ತಗೊಂಡ್ರಾ?" ಎಂದು ಕೇಳಿದಳು.

ಸಂಜೆಯಿಂದ ತಾನೊಂದು ಚೂರನ್ನೂ ಬಾಯಿಗೆ ಹಾಕಿಕೊಂಡಿಲ್ಲವೆಂಬುದು ಮರಿತಾಯಮ್ಮನಿಗೆ ಆಗಲೇ ಹೊಳೆದದ್ದು. ಜಾಡಿಯೊಳಗೆ ಕೈ ಹಾಕಿ ಒಂದು ಹಿಡಿ ತೆಗೆದುಕೊಂಡು, ಸೊಸೆಯ ಪಕ್ಕದಲ್ಲೇ ಒಂದು ಕುರ್ಚಿ ಎಳೆದುಕೊಂಡು ಕೂತು, ಅವಸರವಿಲ್ಲದೆ ತಿಂದರು.