ಆನೆಗೊಂದಿಯ ನಾಕಾದಲ್ಲಿ ಒಂದು ಚಿಟಿಕೆ ಪಾಚಿ

ಹೊಳೆಯ ಆಚೆ ಬ್ರಿಟಿಷರ ಸೀಮೆ, ಈಚೆ ನಿಜಾಮರದು. ಆನೆಗೊಂದಿಯಲ್ಲಿ ಹರಿಗೋಲು ಹತ್ತುವ ಮೊದಲು ಸುಂಕದ ನಾಕಾದಲ್ಲಿ ನನ್ನ ಚೀಲ ಬಿಚ್ಚಿಸಿದರು. ಕಾಗದದ ಪೊಟ್ಟಣಗಳನ್ನು ಕಂಡು ಅಲ್ಲಿನ ಅಧಿಕಾರಿ ಅಮೀನ ಸಾಹೇಬರ ಹುಬ್ಬು ಮೇಲೇರಿತು.

“ಗಾಂಜಾ ಏನ್ರಿ ಇದು?”

“ಅಲ್ಲರಿ, ಕಲ್ಲಿನ ಮ್ಯಾಲಿನ ಪಾಚಿ. ಕಾಲೇಜಿನ್ಯಾಗ ಸಸ್ಯಶಾಸ್ತ್ರ ಕಲಸ್ತೀನಿ.”

ಈ ಪಾಚಿಯ ಕುಲದಲ್ಲಿ ನಾವು ಬಲ್ಲದ್ದು ಮೂರೇ ಜಾತಿ. ಗಂಗಾವತಿ ಗುಡ್ಡದಲ್ಲಿ ಸಿಕ್ಕಿದ್ದು ಅವುಗಳಲ್ಲೊಂದು. ಅದರ ಎಲೆ ನೆಟ್ಟಗಿರುತ್ತದೆ. ಕುಕನೂರಿನ ಬಂಡೆಯ ಮೇಲಿನದು ಮಾತ್ರ ಸುರುಳಿ ಸುತ್ತಿಕೊಂಡಿತ್ತು. ಅದು ನಾಲ್ಕನೆಯ ಜಾತಿ, ಅದಕ್ಕೆ ತೀರಿಹೋದ ನನ್ನ ಗುರುಗಳ ಹೆಸರಿಡುತ್ತೇನೆ ಎಂದು ಅಮೀನ ಸಾಹೇಬರಿಗೆ ಹೇಳಿದೆ. ಪರೀಕ್ಷಿಸುವ ಮೊದಲೇ ನನ್ನ ಮನಸ್ಸು ತೀರ್ಮಾನಿಸಿಬಿಟ್ಟಿತ್ತು.

“ನೀರಾಗ ಹಾಕಿ ತೋರಸ್ರಿ. ಪಾಚಿ ಹೌದಂದ್ರ ಬಿಡ್ತೀನಿ.”

ಅವರು ತರಿಸಿದ ಬಟ್ಟಲಿನ ನೀರಿಗೆ ಎರಡೂ ಪೊಟ್ಟಣಗಳಿಂದ ಒಂದೊಂದು ಚಿಟಿಕೆ ಹಾಕಿದೆ. ಕಂದು ಚೂರುಗಳು ಕಣ್ಣೆದುರೇ ಬಿಚ್ಚಿಕೊಂಡು ಹಸಿರಾದವು.

“ಯಾ ಅಲ್ಲಾ, ಜೀವ ಐತಲ್ರಿ ಇದಕ್ಕ! ಇದರಾಗ ನಿಮ್ಮ ಹೊಸಾದು ಯಾವುದು?”

ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದೆ. ಎಲ್ಲ ಎಲೆಗಳೂ ಒಂದೇ ತೆರನಾಗಿ ನೆಟ್ಟಗೆ ನಿಂತಿದ್ದವು. ಯಾವುದು ಎಲ್ಲಿಯದೆಂದು ನನಗೇ ತಿಳಿಯಲಿಲ್ಲ.

“ಎರಡೂ ಒಂದ ಜಾತಿ ಅದಾವರಿ. ಕುಕನೂರಿಂದು ಬಿಸಿಲಿಗೆ ಒಣಗಿ ಸುರುಳಿ ಸುತ್ತಿತ್ತಷ್ಟ,” ಎಂದೆ.

“ಮತ್ತ ಗುರುಗಳ ಹೆಸರು?”

“ಇದಕ್ಕಂತೂ ಇಡಾಕ ಆಗಂಗಿಲ್ಲ.”

ಹೊಳೆಯಿಂದ ಹರಿಗೋಲಿನವನು ಕೂಗಿದ. ಅಮೀನ ಸಾಹೇಬರು ಅವನಿಗೆ ತಡೆಯುವಂತೆ ಕೈಸನ್ನೆ ಮಾಡಿ, ಮೆಲ್ಲಗೆ ಕೇಳಿದರು:

“ಇನ್ನೊಂದು ಚಿಟಿಗಿ ಹಾಕ್ತೀರೇನ್ರಿ? ಜೀವ ಬರೂದು ಇನ್ನೊಮ್ಮೆ ನೋಡ್ತೀನಿ.”

ಹಾಕಿದೆ. ಇಬ್ಬರೂ ಬಟ್ಟಲಿನ ಮೇಲೆ ಬಾಗಿದೆವು.