ಸುಮ್ಮನೆ ಹರಿಯುವ ಕರೆಂಟು

ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ನನಗೆ ಊಟ ಸೇರುವುದಿಲ್ಲ. ಶ್ರೀಮಂಗಲದ ಕಾಫಿ ಎಸ್ಟೇಟಿನಲ್ಲಿ ರೈಟರಾಗಿ, ಅಂದರೆ ಆಳುಗಳ ಲೆಕ್ಕದ ಗುಮಾಸ್ತನಾಗಿ, ಮೂರು ದಶಕ ಗಂಟೆ ಹೊಡೆದು ಹಾಜರಿ ಕೂಗಿದವನಿಗೆ, ಕುಶಾಲನಗರದ ಈ ನಿವೃತ್ತ ಜೀವನದಲ್ಲಿ ಶಿಸ್ತಿಗೆ ಸಿಕ್ಕುವ ಪ್ರಜೆಗಳೆಂದರೆ ಸ್ವಿಚ್ಚುಗಳು ಮತ್ತು ನಲ್ಲಿಗಳು ಮಾತ್ರ. ಹೆಂಡತಿ ಶಾರದೆ ಆ ಪಟ್ಟಿಯಿಂದ ಬಹಳ ಹಿಂದೆಯೇ ಹೆಸರು ತೆಗೆಸಿಕೊಂಡಿದ್ದಾಳೆ.

ಈಚೆಗೆ ಅವಳ ಕಿವಿ ಮಂದವಾಯಿತು. ಅಂಗಡಿಯಿಂದ ತಂದ ಕಿವಿಯ ಯಂತ್ರ ಕೀ ಎನ್ನುತ್ತದೆಂದು ಡಬ್ಬಿ ಸೇರಿತು. ಬಂದವರೊಡನೆ ಕೂರದೆ, ಸುಮ್ಮನೆ ತಲೆಯಾಡಿಸಿ ಅವಳು ಒಳಗೆ ಸರಿಯತೊಡಗಿದಳು. ಕಿವುಡಿಗಿಂತ ಆ ಸರಿಯುವಿಕೆಯೇ ನನಗೆ ಹೆಚ್ಚು ದಿಗಿಲು ಹುಟ್ಟಿಸಿತು. ಹಿಂದೊಮ್ಮೆ ರೇಡಿಯೋ ಬಿಚ್ಚಿ ಕಟ್ಟಿದ ಧೈರ್ಯದ ಮೇಲೆ, ಮೈಕು, ಇಯರ್‌ಫೋನು, ಎರಡು ಟ್ರಾನ್ಸಿಸ್ಟರು ಜೋಡಿಸಿ ನಾನೇ ಒಂದು ಆಂಪ್ಲಿಫೈಯರ್ ಮಾಡಲು ಕೂತೆ.

ಟ್ರಾನ್ಸಿಸ್ಟರಿನ ಮಹಿಮೆ ಏನೆನ್ನುತ್ತೀರೋ? ನಮ್ಮ ಹಾರಂಗಿ ಕಾಲುವೆಯ ತೂಬನ್ನು ನೆನೆಯಿರಿ. ತೂಬು ನೀರನ್ನು ಸೃಷ್ಟಿಸುವುದಿಲ್ಲ, ನೀರು ಅಣೆಕಟ್ಟಿನದು. ಚಕ್ರ ತಿರುಗಿಸುವ ಕೈಯ ಅಲ್ಪ ಚಲನೆಯನ್ನು ಮಹಾಪ್ರವಾಹ ಅನುಸರಿಸುತ್ತದೆ, ಅಷ್ಟೆ. ಹಾಗೆಯೇ ಮೈಕಿನ ಬಡಕಲು ಕರೆಂಟು ಬೇಸ್ ಎಂಬ ಕಾಲಿನಲ್ಲಿ ಅಲುಗಿದಂತೆ, ಬ್ಯಾಟರಿಯ ದೊಡ್ಡ ಕರೆಂಟು ಕಲೆಕ್ಟರೆಂಬ ಕಾಲಿನಿಂದ ಎಮಿಟರೆಂಬ ಕಾಲಿಗೆ ಅದೇ ಲಯದಲ್ಲಿ ಏರಿಳಿಯುತ್ತದೆ.

ನಾನು ನೋಡಿ ಜೋಡಿಸುತ್ತಿದ್ದ ಸರ್ಕ್ಯೂಟ್ ನಕ್ಷೆಯ ಒಂದು ರೆಸಿಸ್ಟರು ಮಾತ್ರ ನನ್ನ ಕಣ್ಣು ಚುಚ್ಚಿತು. ಯಾರೂ ಮಾತಾಡದಿದ್ದಾಗಲೂ ಅದು ಎರಡನೆಯ ಟ್ರಾನ್ಸಿಸ್ಟರಿನ ಬೇಸಿಗೆ ಕೊಂಚ ಕರೆಂಟು ಹರಿಸುತ್ತಲೇ ಇರುತ್ತದಂತೆ. ಕೆಲಸವಿಲ್ಲದವನಿಗೆ ಹಾಜರಿ ಹಾಕಿದಂತಾಯಿತೆಂದು ಕಿತ್ತುಹಾಕಿದೆ.

ಪರಿಣಾಮ, ನಾನು ಎಸ್ಟೇಟಿನ ಆಳುಗಳ ಲೈನುಮನೆಗಳಿಗೆಲ್ಲ ಕೇಳುವಂತೆ ಕೂಗಿದರೆ ಶಾರದೆಯ ಕಿವಿಯಲ್ಲಿ ಕರಕರ, ಮೆಲುಮಾತು ನಾಪತ್ತೆ.

"ಇದ್ರಲ್ಲೂ ನಿಮ್ಮ ಗದರಿಕೆ ಒಂದೇ ಕೇಳ್ಸೋದು" ಎಂದು ಕಳಚಿಟ್ಟು ಒಳಗೆ ಹೋದಳು.

ಮರುದಿನ ರೇಡಿಯೋ ರಿಪೇರಿಯ ಹಮೀದನ ಮುಂದೆ ನನ್ನ ಆಂಪ್ಲಿಫೈಯರ್ ಇಟ್ಟು ನನ್ನ ತೂಬಿನ ಉಪಮೆಯನ್ನೂ ಒಪ್ಪಿಸಿದೆ. ಅವನು ಅದನ್ನೇ ನನ್ನತ್ತ ತಿರುಗಿಸಿದ.

"ರೈಟರೇ, ಆ ರೆಸಿಸ್ಟರ್ ಕಿತ್ತು ನೀವು ತೂಬು ಪೂರಾ ಮುಚ್ಚಿ ಇಟ್ಟಿದ್ದೀರಿ. ಜೋರಾಗಿ ಗುದ್ದಿದ್ರೆ ಮಾತ್ರ ತೆರೀತದೆ, ಅದೂ ಅರ್ಧ. ಯಾವಾಗ್ಲೂ ಸ್ವಲ್ಪ ಓಪನ್ ಇದ್ರೆ ತಾನೆ ಸಣ್ಣ ಮಾತು ಆಚೆ ಈಚೆ ಆಡೋದು?"

ರೆಸಿಸ್ಟರು ಸ್ವಸ್ಥಾನಕ್ಕೆ ಮರಳಿತು. ಸಂಜೆ ಜಗಲಿಯಲ್ಲಿ ಶಾರದೆ ಒಲ್ಲದ ಮನಸ್ಸಿನಿಂದಲೇ ಇಯರ್‌ಫೋನು ಸಿಕ್ಕಿಸಿಕೊಂಡಳು. ನಾನು ಮೈಕು ಹಿಡಿದೆ. ಕಾಫಿಯ ಮಾತು, ಮಾತ್ರೆಯ ಮಾತು, ಗೇಟಿನ ಬೀಗದ ಮಾತು, ದಿನದ ಆಜ್ಞೆಗಳೆಲ್ಲ ಆಗಲೇ ಮುಗಿದಿದ್ದವು. ಬೇರೆ ಏನು ಮಾತಾಡುವುದೆಂದು ಹುಡುಕುತ್ತ ಕೂತುಬಿಟ್ಟೆ.

"ಕೆಟ್ಟೋಯ್ತಾ?" ಎಂದಳು.

"ಇಲ್ಲ ಕಣೇ, ಹೇಳೋಕೇನೂ ಇಲ್ಲ" ಎಂದು ಗೊಣಗಿದೆ, ನನಗೇ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

ಅವಳು ನಕ್ಕಳು. ಒಳಗೆ ಹೋಗಲಿಲ್ಲ, ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಏನೂ ಇಲ್ದಿದ್ರೂ ಹೇಳ್ತಾ ಇರಿ."