ಕೆಂಪು ಎಳೆಯ ಗುಂಡುಗಳು

ಮೊನ್ನೆ ನನ್ನ ತಮ್ಮನ ಮೊಮ್ಮಗಳು ಜತ್ತ ಪೇಟೆಯಿಂದ ಒಂದು ಡಬ್ಬಿ ಮಣಿ ತಂದು, ಸರ ಮಾಡುತ್ತೇನೆಂದು ಪಡಸಾಲೆಯಲ್ಲಿ ಹರವಿಕೊಂಡು ಕುಳಿತಳು. ಪೋಣಿಸಿಯಾದ ಮೇಲೆ ನೈಲಾನ್ ದಾರದ ತುದಿಗೆ ಕಡ್ಡಿ ಗೀರಿ ಸುಟ್ಟಳು. ಆ ಕಮಟು ವಾಸನೆಗೆ ನನಗೆ ಸಿಟ್ಟೇ ಬಂತು. ದಾರ ಸುಟ್ಟರೆ ಕೂದಲು ಸುಟ್ಟ ವಾಸನೆ ಬರಬೇಕು. ಹಾಗೆ ಬಂದರೆ ಮಾತ್ರ ಅದು ರೇಷ್ಮೆ, ಅದು ಮಾತ್ರ ಬಂಗಾರದ ಭಾರ ತಡೆಯುತ್ತದೆ... ಇದನ್ನು ನನಗೆ ಕಲಿಸಿದವಳು ಬಿಳೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಯಿ.

ಆಯಿಯ ಕಸುಬು ಸರ ಪೋಣಿಸುವುದು. ಅಕ್ಕಸಾಲಿಗ ಬಂಗಾರದ ಗುಂಡು ಮಾಡಿಕೊಟ್ಟರೆ ಆಗಲಿಲ್ಲ, ಅದು ಕೊರಳಿಗೆ ಏರುವ ಮೊದಲು ಆಕೆಯ ಕೈ ದಾಟಬೇಕು. ಗುಂಡುಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲುಗಿಸುವಳು. ಒಳಗೆ ತುಂಬಿದ ಅರಗು ಸಡಿಲಾಗಿದ್ದರೆ ಸಣ್ಣಗೆ ಸದ್ದಾಗುತ್ತಿತ್ತು, ಅಂಥದ್ದನ್ನು ಅಲ್ಲೇ ಬದಿಗೆ ಸರಿಸುವಳು. ಕರಿಮಣಿಯನ್ನು ಅಗಲ ತಟ್ಟೆಯಂಥ ಪರಾತದಲ್ಲಿ ಉರುಳಿಸಿ, ನೆಟ್ಟಗೆ ಓಡಿದವನ್ನು ಮಾತ್ರ ಆರಿಸುವಳು. ಹವಳಕ್ಕೆ ಮರೆಯಾದ ಕಡೆ ಒಂದು ಹನಿ ಲಿಂಬೆರಸ. ನೊರೆ ಬಂದರೆ ಹವಳ, ಇಲ್ಲದಿದ್ದರೆ ಗಾಜು. ಗಾಜು ತಂದವರು ಎಷ್ಟೇ ದೊಡ್ಡ ಮನೆಯವರಾಗಿರಲಿ, ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುವಳು.

ನನ್ನ ಮದುವೆಯಲ್ಲೂ ಹಾಗೇ ಮಾಡಿದಳು. ಜತ್ತ ಸಂಸ್ಥಾನದ ರಾಜರ ಆಳಿಕೆ ಹೋಗಿ ನಾಲ್ಕೈದು ವರ್ಷವಾಗಿತ್ತೇನೋ. ನನಗೆ ಹದಿನಾರು. ಅವ್ವ ತೀರಿಕೊಂಡು ಆಗಲೇ ಬಹಳ ದಿನವಾಗಿತ್ತು, ಅವಳದೆಂದು ಉಳಿದಿದ್ದು ಇಪ್ಪತ್ತೆರಡು ಗುಂಡಿನ ಒಂದು ಸರ. ನಮ್ಮ ಕಡೆ ತವರಿನ ಗುಂಡು, ಅತ್ತೆ ಮನೆಯ ಗುಂಡು ಎರಡನ್ನೂ ಒಂದೇ ದಾರದಲ್ಲಿ ಕೂಡಿಸುವ ಪದ್ಧತಿ. ಬಾಲಗಾಂವದ ಬೀಗರು ಅದೇ ಅಳತೆಯ ಇಪ್ಪತ್ತೆರಡು ಗುಂಡು, ಎಂಟು ಹವಳ ಕಳಿಸಿದ್ದರು. ಎಂಟರಲ್ಲಿ ಆರು ಗಾಜು! ಆಯಿ ಆರನ್ನೂ ಅರಿವೆಯಲ್ಲಿ ಕಟ್ಟಿ, ತಂದವನ ಕೈಗೇ ಕೊಟ್ಟಳು.

"ಗಾಜು ಬೇಕಾದ್ರ ಬಳೆಗಾರನ ಕಡೆ ಹೋಗ್ರಿ ಅಂತ ಹೇಳು," ಅಂದಳು.

ಅಪ್ಪನ ಮುಖ ಸಪ್ಪಗಾಯಿತು. "ಯಾಕ ಆಯಿ, ಬೀಗರ ಕೂಡ ಈಗ ಜಗಳ ಶುರುಮಾಡ್ತಿ?"

"ಶುರು ಮಾಡಿದವರು ಅವರು," ಎಂದು ಆಕೆ ಸೂಜಿಗೆ ದಾರ ಏರಿಸಿದಳು.

ಗುಂಡಿನ ಬಾಯಿ ಚೂಪಾಗಿರುತ್ತದೆ, ದಾರ ಕೊಯ್ಯುತ್ತದೆ. ಅದಕ್ಕೇ ಪೋಣಿಸುವ ಮೊದಲು ಬಾಯೊಳಗೆ ಮೇಣ ಸವರಿದ ರೇಷ್ಮೆ ಎಳೆ ಸುತ್ತಿ ಮೆತ್ತೆ ಮಾಡುತ್ತಿದ್ದಳು. ಅವ್ವನ ಗುಂಡುಗಳಿಗೆ ಕೆಂಪು ಎಳೆ ಸುತ್ತಿದಳು, ಬೀಗರವಕ್ಕೆ ಕಪ್ಪು. ಹೊರಗೆ ಏನೂ ಕಾಣುತ್ತಿರಲಿಲ್ಲ. ಯಾಕೆಂದು ಕೇಳಿದೆ.

"ನಮ್ಮತ್ತಿ ಹಾಕಿಕೊಟ್ಟ ರೂಢಿ. ತವರಿಂದು ಕೆಂಪು. ಸರ ಹರದಾಗ ಯಾರದು ಯಾವುದು ಗೊತ್ತಾಗಬೇಕಲ್ಲ?"

ನಾನು ನಕ್ಕೆ. ಮದುವೆಯ ಹುಡುಗಿ, ಸರ ಹರಿಯುವ ಮಾತು ನನ್ನ ತಲೆಗೆ ಎಲ್ಲಿಂದ ಹತ್ತಬೇಕು!

ಒಂದೂವರೆ ವರ್ಷ ಬಾಳಿದೆ. ಅತ್ತೆಯ ಕೈ ಮಾತಿಗಿಂತ ಮುಂದೆ ಓಡುತ್ತಿತ್ತು. ಒಂದು ದಿನ ರೊಟ್ಟಿ ಹೊತ್ತಿತೆಂದು ಹೊಡೆಯಲು ಮರದ ಹುಟ್ಟು ಎತ್ತಿದಳು. ನಾನು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಷ್ಟೇ. ತಿರುಗಿ ಹೊಡೆಯಲಿಲ್ಲ, ಬೈಯಲಿಲ್ಲ. ಆ ವಾರವೇ ನನ್ನನ್ನು ಬಿಳೂರಿಗೆ ತಂದು ಬಿಟ್ಟರು. ಗಂಡನೆನಿಸಿಕೊಂಡವನು ಚಕ್ಕಡಿಯಿಂದ ಕೆಳಗೂ ಇಳಿಯಲಿಲ್ಲ. ಇವತ್ತಿಗೂ ಹೇಳುತ್ತೇನೆ, ಆ ಕೈ ಹಿಡಿದಿದ್ದಕ್ಕೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ತಿಂಗಳಾದ ಮೇಲೆ ಅತ್ತೆ, ಆಕೆಯ ಮೈದುನ, ಇಬ್ಬರು ಹಿರಿಯರು ಬಂದು ನಮ್ಮ ಕಟ್ಟೆಯ ಮೇಲೆ ಕುಳಿತರು. ಸರ ಬೇಕಂತೆ. ಇಡೀ ಸರ ತಮ್ಮದೇ, ನಮ್ಮ ಮನೆಯಿಂದ ಒಂದು ಗುಂಜಿ ಬಂಗಾರವೂ ಬಂದಿಲ್ಲ ಎಂದು ಮೈದುನ ಆಣೆ ಮಾಡಿದ. ನನ್ನ ಅವ್ವನ ಬಂಗಾರ! ಅಪ್ಪ ತಲೆ ತಗ್ಗಿಸಿ, "ಕೊಟ್ಟಬಿಡವ್ವಾ, ಮಾನರೆ ಉಳೀತದ," ಅಂದ. ನಾನು ಸರವನ್ನು ಮುಷ್ಟಿಯಲ್ಲಿ ಹಿಡಿದು, ಗೋಡೆಯಾಚೆ ಕೇಳುವಂತೆ "ಆಯೀ!" ಎಂದು ಕೂಗಿದೆ.

ಆಯಿ ಪರಾತ, ಕತ್ತರಿ ಹಿಡಿದುಕೊಂಡೇ ಬಂದಳು. ಯಾರನ್ನೂ ಕೇಳಲಿಲ್ಲ, ಸರ ಇಸಿದುಕೊಂಡು ಕತ್ತರಿಸಿಬಿಟ್ಟಳು. ಗುಂಡುಗಳು ಪರಾತದಲ್ಲಿ ಗಲಗಲ ಉದುರಿದವು. ಸೂಜಿಯಿಂದ ಒಂದೊಂದರ ಬಾಯಿ ಕೆದಕಿ ಎಳೆ ತೋರಿಸುತ್ತ, ಕೆಂಪು ಒಂದು ಕಡೆ, ಕಪ್ಪು ಒಂದು ಕಡೆ ಇಟ್ಟಳು.

ಮೈದುನ ಹೌಹಾರಿದ. "ನೀ ಇವರ ಬಾಜೂಮನಿಯಾಕಿ. ಯಾವ ಬಣ್ಣ ಬೇಕಾದ್ದು ಸುತ್ತಿರ್ತಿ. ಇದೇನ ಸಾಕ್ಷಿ?"

ಆಯಿ ಅವನನ್ನು ನೋಡಲೇ ಇಲ್ಲ. ಸೂಜಿಯನ್ನು ಅತ್ತೆಯ ಕೊರಳ ಕಡೆ ತೋರಿಸಿದಳು.

"ಬಾಯಾರ, ನಿಮ್ಮ ಕೊರಳಾಗಿನ ಸರಾನೂ ಪೋಣಿಸಿದವರು ನಮ್ಮತ್ತಿನ. ಬಿಚ್ಚಿ ನೋಡ್ರಿ. ನಿಮ್ಮ ತವರಿಂದು ಕೆಂಪ ಇರ್ತದ."

ಅತ್ತೆಯ ಕೈ ತಾನಾಗಿ ಕೊರಳಿಗೆ ಹೋಯಿತು. "ಏಳ್ರಿ ವೈನಿ, ಹೋಗೂನು," ಎಂದು ಮೈದುನ ಅವಸರ ಮಾಡಿದ. ಆಕೆ ಏಳಲಿಲ್ಲ. ಕೊರಳಿನಿಂದ ಸರ ತೆಗೆದು, ಎಲ್ಲರ ಎದುರು ಆಯಿಯ ಕೈಗಿಟ್ಟಳು.

"ನನ್ನವು ಎಷ್ಟದಾವ ನೋಡಾಯಿ," ಅಂದಳು. "ಹದಿನಾಲ್ಕ ತಂದಿದ್ದೆ."

ಆಯಿ ನಿಧಾನಕ್ಕೆ ಗುಂಡು ಸರಿಸಿ ಸರಿಸಿ ನೋಡಿದಳು. ಹದಿನಾಲ್ಕಕ್ಕೂ ಕೆಂಪು ಎಳೆ ಇತ್ತು. ಮುಪ್ಪಾಗಿ ಕಂದಿತ್ತು, ಆದರೆ ಕೆಂಪೇ. ಅತ್ತೆ ಅವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು... ಆಮೇಲೆ ಮೈದುನನಿಗೆ, "ಅಕಿ ಅವ್ವಂದು ಅಕಿಗೆ ಬಿಡು," ಎಂದು ಎದ್ದು ನಡೆದಳು. ಮೈದುನ ಕಪ್ಪು ಎಳೆಯವನ್ನೂ ಎರಡು ಹವಳವನ್ನೂ ಅರಿವೆಯಲ್ಲಿ ಕಟ್ಟಿಕೊಂಡು ಹಿರಿಯರೊಡನೆ ಹಿಂದೆ ಹೋದ. ಅತ್ತೆಯ ಮೇಲಿನ ನನ್ನ ಸಿಟ್ಟು ಪೂರ್ತಿ ಹೋಗಿಲ್ಲ, ಆದರೂ ಆ ಒಂದು ಮಾತನ್ನು ಮರೆಯಲಾರೆ.

ಆಯಿ ಅಲ್ಲೇ ಕುಳಿತು ಅವ್ವನ ಇಪ್ಪತ್ತೆರಡನ್ನೂ ಹೊಸ ದಾರದಲ್ಲಿ ಪೋಣಿಸಿದಳು. "ಹಾಕ್ಕೊಂಡು ನೀರಿಗೆ ಹೋಗು," ಅಂದಳು. ಗಂಡ ಬಿಟ್ಟವಳ ಕೊರಳಲ್ಲಿ ಬಂಗಾರವೇ ಎಂದು ಓಣಿ ಗುಸುಗುಸು ಅಂದಿತು. ನಾನು ಎರಡು ಸಲ ನೀರಿಗೆ ಹೋಗುವ ಕಡೆ ನಾಲ್ಕು ಸಲ ಹೋದೆ.

ಸುದ್ದಿ ಹಬ್ಬಿತು. ಕುಣಿಕೋಣೂರಿನಿಂದಲೂ ಹೆಂಗಸರು ಸೆರಗಿನಲ್ಲಿ ಸರ ಮುಚ್ಚಿಕೊಂಡು ಬಂದು ತಮ್ಮ ಕೆಂಪು ನೋಡಿಕೊಂಡು ಹೋದರು. ಗಂಡಸರಿಗೆ ಇದು ಸಹಿಸಲಾಗಲಿಲ್ಲ. ಆಯಿಗೆ 'ಮನೆಮುರುಕಿ' ಎಂದು ಹೆಸರಿಟ್ಟು, ಮದುವೆಯ ಕೆಲಸವನ್ನೆಲ್ಲ ಜತ್ತ ಪೇಟೆಗೆ ಒಯ್ದರು. ಕಪ್ಪು ಎಳೆಯನ್ನೇ ಎಲ್ಲಕ್ಕೂ ಸುತ್ತುತ್ತೇನೆಂದು ಒಂದು ಮಾತು ಕೊಟ್ಟರೆ ಕೆಲಸ ಕೊಡುತ್ತೇವೆ ಎಂದೂ ಕೇಳಿನೋಡಿದರು. "ನನ್ನ ಕೈ ಇರೂತನಕ ಆಗೂದಿಲ್ಲ, ಹೋಗ್ರಿ," ಎಂದು ಬಾಗಿಲು ಹಾಕಿದಳು. ಆ ಖಾಲಿ ದಿನಗಳಲ್ಲಿ ಕುಳಿತು ನನಗೆ ಕಸುಬು ಕಲಿಸಿದಳು.

ಮೂರನೆಯ ವರ್ಷ ಎದೆಯ ಕೆಮ್ಮು ಹಿಡಿದು ಹಾಸಿಗೆ ಸೇರಿದಳು. ಮಿರಜ ದವಾಖಾನೆಗೆ ಒಯ್ಯಬೇಕು ಅಂದರು. ಖರ್ಚಿಗೆಂದು ನಾನು ಸರ ಬಿಚ್ಚಿ ಎರಡು ಗುಂಡು ತೆಗೆದೆ. ನೋಡಿದವಳೇ ಹಾಸಿಗೆಯಿಂದ ಎದ್ದು ಕುಳಿತು ಚೀರಿದಳು.

"ನಿಮ್ಮವ್ವನ ಬಂಗಾರ ಮಾರ್ತಿಯೇನ? ಹಾಕು ಹೊಳ್ಳಿ! ನನ್ನ ಮುಂದ ಕುಂತು ಪೋಣಸು!"

ಪೋಣಿಸಿದೆ. ಯುಗಾದಿಗೆ ಮೊದಲೇ ಆಕೆ ಹೋದಳು.

ಅತ್ತೆಯ ಕೈ ಹಿಡಿದವಳು ನಾನು. ಊರ ಬಾಯಿಗೆ ಹೆದರದವಳು ನಾನು. ಆಯಿಯೊಬ್ಬಳ ಮಾತನ್ನು ಆ ದಿನ ಮೀರಬೇಕಿತ್ತು, ಮೀರಲಿಲ್ಲ... ತಮ್ಮನ ಮೊಮ್ಮಗಳು ನನ್ನ ಕೊರಳಿನ ಸರ ಎಣಿಸಿ, "ಇಪ್ಪತ್ತೆರಡೂ ಅದಾವ, ಅಜ್ಜಿ! ಒಂದೂ ಕಳೆದಿಲ್ಲ," ಎಂದು ಹಿಗ್ಗಿದಳು. ಇಪ್ಪತ್ತೇ ಇರಬೇಕಿತ್ತು ಮಗಳೇ, ಇಪ್ಪತ್ತೇ ಇರಬೇಕಿತ್ತು.